ಗೋಡೆಗೆ ಪಾಚಿ ಅಂಟಿಸಿದರೆ ಜನ ಆಫೀಸಿಗೆ ಬರುತ್ತಾರಾ?

ಹಾಜರಿ ಪುಸ್ತಕ, ಬೆಳಗಾವಿ:

ಎಲ್ಲರಿಗೂ ನಮಸ್ಕಾರ. ಉದ್ಯಮಬಾಗದಲ್ಲಿ ಒಂದು ಡ್ರಾಯಿಂಗ್ ಆಫೀಸಿನ ಆಡಳಿತ ನೋಡಿಕೊಳ್ಳುತ್ತೇನೆ. ಫೌಂಡ್ರಿಗಳಿಗೆ, ಪಂಪು ವಾಲ್ವು ಮಾಡುವವರಿಗೆ ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡಿಕೊಡುವುದು ನಮ್ಮ ಕೆಲಸ. ಆಡಳಿತ ಅಂದರೆ ದೊಡ್ಡದೇನಲ್ಲ. ಹಾಜರಿ, ಚಹಾಪುಡಿ, ಬಾತ್‌ರೂಮಿನ ನಳ, ಕರೆಂಟ್ ಬಿಲ್ಲು, ಖಂಡೇಪೂಜೆಗೆ ಚೆಂಡುಹೂವು, ಎಲ್ಲ ನನ್ನ ತಲೆಗೇ. 22 ವರ್ಷ ಆಯಿತು.

2020ರ ಮಾರ್ಚ್‌ನಲ್ಲಿ ರಿಜಿಸ್ಟರ್‌ಗೆ ಸಹಿ ಹಾಕಿಸಿಕೊಂಡು ಎಲ್ಲರಿಗೂ ಕಂಪ್ಯೂಟರ್ ಕೊಟ್ಟು ಮನೆಗೆ ಕಳಿಸಿದ್ದು ನಾನೇ. ಆ ಕಂಪ್ಯೂಟರೂ ವಾಪಸ್ ಬಂದಿಲ್ಲ, ಜನರೂ ಬಂದಿಲ್ಲ. ಇದ್ದವರು 52. ದಿನಾ ಬರುವವರು 14. ಬುಧವಾರ ಮಾತ್ರ 20 ದಾಟುತ್ತದೆ. ಅವತ್ತು ಅನಗೋಳದ ಕಡೆಯಿಂದ ಒಬ್ಬ ಅಕ್ಕ ಬಿಸಿ ರೊಟ್ಟಿ ಝುಣಕ ತರುತ್ತಾರೆ. ಉಳಿದ ದಿನ ಹಾಲ್ ನೋಡಿದರೆ ಬೇಸಿಗೆ ರಜೆಯ ಶಾಲೆ ಇದ್ದ ಹಾಗೆ ಇರುತ್ತದೆ.

ನಮ್ಮ ಸಾಹೇಬರು ತಿಂಗಳಲ್ಲಿ ಮೂರು ವಾರ ಪುಣೆಯಲ್ಲಿ ಇರುತ್ತಾರೆ. ಅಲ್ಲಿ ಯಾವುದೋ ಆಫೀಸು ನೋಡಿ ಬಂದಿದ್ದಾರೆ. "ಆಫೀಸಿನೊಳಗೆ ನಿಸರ್ಗ ತರೋಣ, ಜನ ತಾವಾಗೇ ಬರುತ್ತಾರೆ" ಅಂದರು. ಒಬ್ಬ ಡಿಸೈನರ್ ಬಂದು ಲೆಕ್ಕ ಕೊಟ್ಟು ಹೋಗಿದ್ದಾರೆ. ಒಟ್ಟು 11 ಲಕ್ಷ. ಅದರಲ್ಲಿ ಬಾಗಿಲ ಎದುರಿನ ಗೋಡೆಗೆ ಪಾಚಿ ಅಂಟಿಸಲು 3 ಲಕ್ಷ 40 ಸಾವಿರ. ಗೋಡೆ ಮೇಲೆ ಕುಂಡಗಳ ತೋಟ, ಪೈಪು ಪಂಪು ಸಮೇತ, 2 ಲಕ್ಷ 75 ಸಾವಿರ. ಒಂದು ಕಾರಂಜಿ 85 ಸಾವಿರ. ಪ್ಲಾಸ್ಟಿಕ್ ಹುಲ್ಲು 60 ಸಾವಿರ. ಉಳಿದದ್ದು ಮರದ ಬಣ್ಣದ ಲ್ಯಾಮಿನೇಟು, ಲೈಟು, ಮತ್ತೆ ಹಕ್ಕಿ ಕೂಗುವ ಸ್ಪೀಕರ್.

ಪಾಚಿ ಅಂದಾಗ ನಾನು ತಪ್ಪಾಗಿ ಕೇಳಿಸಿಕೊಂಡೆ ಅಂದುಕೊಂಡೆ. ಬೆಳಗಾವಿ ಮಳೆ ನಿಮಗೆ ಗೊತ್ತೇ ಇದೆ. ಪ್ರತಿ ವರ್ಷ ದಸರೆಗೆ ಮೊದಲು ಕಾಂಪೌಂಡ್ ಗೋಡೆಯ ಪಾಚಿ ಕೆರೆಸಲು ಇಬ್ಬರು ಆಳು, ಎರಡು ದಿನದ ಪಗಾರ ಕೊಡುತ್ತೇನೆ. ಈಗ ಒಳಗಿನ ಗೋಡೆಗೆ ದುಡ್ಡು ಕೊಟ್ಟು ಹಚ್ಚಿಸಬೇಕಂತೆ.

ಡಿಸೈನರ್ ಚಿತ್ರ ತೋರಿಸಿದರು. ಒಂದು ಅಮೆರಿಕದ ಸಿಯಾಟಲ್‌ನದ್ದು. ಅಮೆಜಾನ್ ಕಂಪನಿ 2018ರಲ್ಲಿ ತೆರೆದ ಮೂರು ಗಾಜಿನ ಗೋಲಗಳು, ಒಳಗೆ 40 ಸಾವಿರ ಗಿಡ. ಚೆಂದ ಇದೆ, ಇಲ್ಲ ಅನ್ನುವುದಿಲ್ಲ. ಇನ್ನೊಂದು ಒಂದು ಅಧ್ಯಯನ. 1984ರಲ್ಲಿ ರೋಜರ್ ಉಲ್ರಿಚ್ ಅನ್ನುವವರು ಮಾಡಿದ್ದು. ಪಿತ್ತಕೋಶದ ಆಪರೇಷನ್ ಆದ 46 ಜನರ ಹಳೇ ದಾಖಲೆ ತೆಗೆದು ನೋಡಿದರಂತೆ. ಕಿಟಕಿಯಿಂದ ಮರ ಕಾಣುತ್ತಿದ್ದವರು ಸರಾಸರಿ 7.96 ದಿನಕ್ಕೆ ಮನೆಗೆ ಹೋದರು, ಇಟ್ಟಿಗೆ ಗೋಡೆ ಕಾಣುತ್ತಿದ್ದವರು 8.70 ದಿನಕ್ಕೆ. ಮರ ಕಂಡವರಿಗೆ ಜೋರು ನೋವಿನ ಔಷಧವೂ ಕಡಿಮೆ ಸಾಕಾಯಿತಂತೆ.

ನಾನು ರಾತ್ರಿ ಪಾತ್ರೆ ತಿಕ್ಕುತ್ತಾ ಯೋಚನೆ ಮಾಡಿದೆ. ಆ ರೋಗಿಗಳು ಹೇಗಿದ್ದರೂ ಅಲ್ಲಿ ಮಲಗಲೇಬೇಕಿತ್ತು, ಅಲ್ವಾ? ಮರ ನೋಡಲು ಅಂತ ಯಾರೂ ಆಸ್ಪತ್ರೆಗೆ ಬಂದಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಮರ ಕಂಡವರು ಬೇಗ ಮನೆಗೆ ಹೋದರು. ನಮಗೆ ಬೇಕಾಗಿರುವುದು ಮನೆಯಿಂದ ಬರುವವರು!

ಸಾಹೇಬರ ಮುಂದೆ ಇದನ್ನು ಹೇಳಿದರೆ "ನಿಮಗೆ ಹೊಸದು ಅಂದರೆ ಆಗಿಬರುವುದಿಲ್ಲ" ಅನ್ನುತ್ತಾರೆ. ಆದ್ದರಿಂದ ಇಲ್ಲಿ ಕೇಳುತ್ತಿದ್ದೇನೆ. ನಿಮ್ಮ ಆಫೀಸಿನಲ್ಲಿ ಹೀಗೆ ಮಾಡಿಸಿದ್ದೀರಾ? ಎರಡು ವರ್ಷ ಆದಮೇಲೆ ಆ ಗಿಡ, ಪಾಚಿ ಹೇಗಿವೆ? ಜನ ನಿಜವಾಗಿ ಬಂದರಾ? ಮುಂದಿನ ವಾರ ಅಡ್ವಾನ್ಸ್ ಚೆಕ್ ಬರೆಯಬೇಕು.


ನವನಗರ ನರ್ಸರಿ, ಬಾಗಲಕೋಟೆ:

ಮೇಡಂ, ನಾನು ಇಲ್ಲಿನ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಓದಿದವನು. ಈಗ ನರ್ಸರಿ ಇಟ್ಟಿದ್ದೇನೆ. ಬ್ಯಾಂಕು, ಆಸ್ಪತ್ರೆ, ಆಫೀಸುಗಳಿಗೆ ಬಾಡಿಗೆಗೆ ಗಿಡ ಕೊಡುತ್ತೇನೆ. ಗಿಡ ಮಾರಿ ಹೊಟ್ಟೆ ಹೊರೆಯುವವನೇ ಬೇಡ ಅನ್ನುತ್ತಿದ್ದಾನೆ ಅಂದರೆ ಸ್ವಲ್ಪ ನಂಬಿ.

ನಿಮಗೆ ಹೇಳಿದ ಪಾಚಿ ಜೀವ ಇರುವುದಲ್ಲ. ಕಿತ್ತು, ಗ್ಲಿಸರಿನ್ ಕುಡಿಸಿ, ಬಣ್ಣ ಹಾಕಿ ಇಟ್ಟದ್ದು. ನೀರು ಬೇಡ, ಬೆಳಕು ಬೇಡ ಅಂತ ಮಾರುತ್ತಾರೆ, ಅದು ನಿಜವೇ. ಆದರೆ ಗ್ಲಿಸರಿನ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ತೇವಾಂಶ ನೂರಕ್ಕೆ 80 ದಾಟಿ ಹಾಗೇ ನಿಂತರೆ ಪಾಚಿ ಬೆವರಿದಂತೆ ಆಗಿ ಬಣ್ಣದ ನೀರು ಕೆಳಗೆ ಇಳಿಯಬಹುದು. ನಿಮ್ಮೂರಲ್ಲಿ ಜುಲೈ, ಆಗಸ್ಟ್ ಹೇಗಿರುತ್ತದೆ? ರವಿವಾರ ಎಸಿ ಬಂದ್, ಕಿಟಕಿ ಬಂದ್. ಸೋಮವಾರ ಬೆಳಿಗ್ಗೆ ಗೋಡೆ ಒರೆಸುವವರು ಯಾರು, ನೀವೇ ಅಲ್ವಾ?

ಗೋಡೆ ತೋಟದ್ದು ಬೇರೆ ಕಥೆ. ಅದು ಬದುಕುತ್ತದೆ, ಆದರೆ ಹಸು ಕಟ್ಟಿದ ಹಾಗೆ. ದಿನಾ ನೋಡಬೇಕು. ಹನಿ ನೀರಿನ ತೂತು ಒಂದು ಕಟ್ಟಿಕೊಂಡರೆ ಅದರ ಕೆಳಗಿನ ಸಾಲು ಪೂರ್ತಿ ಒಣಗುತ್ತದೆ. ಎರಡನೇ ಮಹಡಿಯಾದರೆ ಸೋರಿದ ನೀರು ಕೆಳಗಿನವರ ತಲೆ ಮೇಲೆ. ಮಾಡಿಕೊಟ್ಟವರು ತಿಂಗಳಿಗೆ ಎಷ್ಟು ಕೇಳುತ್ತಾರೆ, ಸತ್ತ ಗಿಡ ಬದಲಾಯಿಸುವುದು ಅದರಲ್ಲೇ ಬರುತ್ತದಾ, ಇದನ್ನು ಬರೆಸಿಕೊಳ್ಳದೆ ಚೆಕ್ ಕೊಡಬೇಡಿ. ಕಾರಂಜಿ, ಕುಂಡದ ಕೆಳಗಿನ ತಟ್ಟೆ, ಎರಡರಲ್ಲೂ ನೀರು ನಿಂತರೆ ಡೆಂಗ್ಯೂ ಸೊಳ್ಳೆಗೆ ಅಷ್ಟೇ ಸಾಕು.

ಗಿಡ ಗಾಳಿ ಶುದ್ಧ ಮಾಡುತ್ತದೆ ಅಂತಲೂ ಹೇಳಿರುತ್ತಾರೆ. ಅದು ನಾಸಾದವರ 1989ರ ಪ್ರಯೋಗದಿಂದ ಬಂದ ಮಾತು. ಗಾಳಿಯಾಡದ ಸಣ್ಣ ಪೆಟ್ಟಿಗೆಯಲ್ಲಿ ಗಿಡ ಇಟ್ಟು ಅಳೆದದ್ದು. 2019ರಲ್ಲಿ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು ಅಂಥ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ಲೆಕ್ಕ ಮಾಡಿದರು. ಕಟ್ಟಡದಲ್ಲಿ ಸಾಮಾನ್ಯವಾಗಿ ಆಡುವ ಗಾಳಿಯಷ್ಟು ಕೆಲಸ ಗಿಡದಿಂದ ಆಗಬೇಕಾದರೆ ಒಂದು ಚದರ ಮೀಟರಿಗೆ 10ರಿಂದ 1000 ಗಿಡ ಬೇಕು ಅಂತ ಬಂತು. ದಿಲ್ಲಿಯ ನೆಹರೂ ಪ್ಲೇಸ್‌ನಲ್ಲಿ ಕಮಲ್ ಮೀಟಲ್ ಅನ್ನುವ ಉದ್ಯಮಿ ತಮ್ಮ ಕಟ್ಟಡದಲ್ಲಿ 300 ಜನಕ್ಕೆ 1200 ಗಿಡ ಇಟ್ಟಿದ್ದೇವೆ ಅಂತ 2009ರಲ್ಲಿ ಹೇಳಿದ್ದರು. ಭುಜದೆತ್ತರದ ಅರೆಕಾ ಪಾಮ್ ಒಬ್ಬರಿಗೆ ನಾಲ್ಕು ಬೇಕು ಅನ್ನುವುದು ಅವರ ಲೆಕ್ಕ. ನಿಮ್ಮ 52 ಜನಕ್ಕೆ 208 ಪಾಮ್. ಜನ ಕೂರುವುದೆಲ್ಲಿ?

ಕಣ್ಣಿಗೆ ತಂಪು ಬೇಕು ಅಂದರೆ ಸ್ನೇಕ್ ಪ್ಲಾಂಟ್, ಮನಿ ಪ್ಲಾಂಟ್, ಝಡ್‌ಝಡ್ ಪ್ಲಾಂಟ್, ಆಗ್ಲೋನಿಮಾ ಇಡಿ. ಎರಡು ಜೊತೆ ತೆಗೆದುಕೊಳ್ಳಿ. ಒಂದು ಜೊತೆ 15 ದಿನ ಒಳಗೆ, ಇನ್ನೊಂದು ಟೆರೇಸಿನಲ್ಲಿ ನೆರಳುಬಲೆ ಕೆಳಗೆ. ಆಮೇಲೆ ಅದಲು ಬದಲು. ಬಾಡಿಗೆ ಗಿಡ ಯಾವಾಗಲೂ ಹೊಸದಾಗಿ ಕಾಣುವ ಗುಟ್ಟು ಇಷ್ಟೇ. ಕುಂಡ ಮಣ್ಣಿನದ್ದೇ ಇರಲಿ. ಕುಂಬಾರಿಕೆಗೆ ಹೆಸರಾದ ಖಾನಾಪುರ ನಿಮಗೆ ಬಗಲಲ್ಲೇ ಇದೆ. ಆಫೀಸಿನ ಗಿಡಗಳು ನೀರಿಲ್ಲದೆ ಸಾಯುವುದು ಕಡಿಮೆ, ನೀರು ಜಾಸ್ತಿಯಾಗಿಯೇ ಸಾಯುತ್ತವೆ. ಹೋಗುವವರು ಬರುವವರೆಲ್ಲ ಬಾಟಲಿ ಬಗ್ಗಿಸುತ್ತಾರೆ. ಒಂದು ಬ್ಯಾಂಕಿನಲ್ಲಿ ಉಳಿದ ಚಹಾ ಕೂಡ ಹಾಕುತ್ತಿದ್ದರು. ಮಣ್ಣಿನ ಕುಂಡ ಅಂಥ ತಪ್ಪನ್ನು ಸ್ವಲ್ಪ ತಡೆದುಕೊಳ್ಳುತ್ತದೆ.

ಜನ ಬರುತ್ತಾರಾ ಅಂತ ನನ್ನನ್ನು ಕೇಳಬೇಡಿ. ನಾನು ಗಿಡದವನು.


ಹಿತ್ತಲ ಬಾಗಿಲು, ಬೈಲಹೊಂಗಲ:

ನಾನು ಮನೆಯಿಂದ ಕೆಲಸ ಮಾಡುವವನು, ನಿಮ್ಮ ಕಂಪನಿಯಲ್ಲ ಬಿಡಿ. ಈಗ ಇದನ್ನು ಬರೆಯುತ್ತಿರುವುದು ಹಿತ್ತಲ ಬಾಗಿಲ ಹತ್ತಿರ ಕೂತು. ಎದುರಿಗೆ ನುಗ್ಗೆ ಮರ, ಅದರ ಕೆಳಗೆ ಎರಡು ಎಮ್ಮೆ, ಗೋಡೆ ಮೇಲೆ ಒಂದು ಅಳಿಲು. ಸ್ಪೀಕರ್ ಇಲ್ಲದೇ ಹಕ್ಕಿ ಕೂಗುತ್ತಿದೆ. ನನಗೆ ನಿಸರ್ಗ ತೋರಿಸಲು ಬಸ್ಸು ಹತ್ತಿಸಿ ಬೆಳಗಾವಿಗೆ ಕರೆಸುತ್ತೀರಾ ಅಕ್ಕಾ?

ನನಗೆ ಹೋಗಿ ಬರಲು ಎರಡೂವರೆ ತಾಸು ಬೇಕು. ಅವ್ವನಿಗೆ ಮಧ್ಯಾಹ್ನ ಇನ್ಸುಲಿನ್ ಕೊಡುವವನು ನಾನೇ. ಇವೆರಡಕ್ಕೂ ಯಾವ ಗೋಡೆಯೂ ಉತ್ತರ ಅಲ್ಲ. ಸಿಯಾಟಲ್ ಚಿತ್ರ ತೋರಿಸಿದವರು ಮುಂದಿನದ್ದನ್ನೂ ಹೇಳಬೇಕಿತ್ತು. 40 ಸಾವಿರ ಗಿಡ ಇಟ್ಟ ಅದೇ ಕಂಪನಿ 2024ರ ಸೆಪ್ಟೆಂಬರ್‌ನಲ್ಲಿ ಆದೇಶ ಹೊರಡಿಸಿತು, 2025ರ ಜನವರಿಯಿಂದ ವಾರಕ್ಕೆ ಐದು ದಿನ ಬನ್ನಿ ಅಂತ. ಗಿಡ ಕರೆದಿದ್ದರೆ ಆದೇಶ ಯಾಕೆ ಬೇಕಿತ್ತು?

ಆದರೆ ಒಂದು ಮಾತು ಒಪ್ಪುತ್ತೇನೆ. ಒಬ್ಬನೇ ಕೂತು ತಪ್ಪು ಮಾಡಿದರೆ ಅದು ಗೊತ್ತಾಗುವುದು ಮೂರು ದಿನದ ಮೇಲೆ. ಆಫೀಸಿನಲ್ಲಿ ಹಿಂದಿನಿಂದ ಹಾಯ್ದು ಹೋಗುವ ಸೀನಿಯರ್ ಸುಮ್ನೆ ಸ್ಕ್ರೀನ್ ನೋಡಿ "ಏ, ಆ ಅಳತೆ ತಪ್ಪಿದೆ ನೋಡು" ಅನ್ನುತ್ತಿದ್ದರು. ಅದು ಈಗ ಇಲ್ಲ. ನಮ್ಮ ಟೀಮಿನವರೆಲ್ಲ ಒಂದೇ ದಿನ ಬರುವುದಾದರೆ ವಾರಕ್ಕೆ ಎರಡು ದಿನ ನಾನೂ ಬಂದೇನು. ನಾನು ಬಂದ ದಿನ ಅವರಿಲ್ಲ, ಅವರು ಬಂದ ದಿನ ನಾನಿಲ್ಲ ಅಂದರೆ ಅಲ್ಲಿ ಹೋಗಿ ಹೆಡ್‌ಫೋನ್ ಹಾಕಿಕೊಂಡು ಕೂರುವುದು ಯಾಕೆ?

ಮತ್ತೆ ಬುಧವಾರದ ಝುಣಕ. ನೀವೇ ಬರೆದು ನೀವೇ ದಾಟಿ ಹೋಗಿದ್ದೀರಿ.


ಗುಮ್ಮಟದ ನೆರಳು, ವಿಜಯಪುರ:

ಮೇಡಂ, ನಾನು ಸಿವಿಲ್ ಎಂಜಿನಿಯರ್, 31 ವರ್ಷ ಕಟ್ಟಡದಲ್ಲೇ ಕಳೆದಿದ್ದೇನೆ. ಗಿಡದ ಮಾತು ನರ್ಸರಿಯವರು ಹೇಳಿದರು. ನನ್ನದು ಒಂದೇ ಪ್ರಶ್ನೆ. ನಿಮ್ಮ ಆಫೀಸಿಗೆ ಒಟ್ಟು ಕಿಟಕಿ ಎಷ್ಟು? ಒಂದೊಂದು ಕಿಟಕಿಯ ಹತ್ತಿರ ಯಾರು ಕೂರುತ್ತಾರೆ? ಒಂದು ಹಾಳೆಯಲ್ಲಿ ಬರೆದು ಇಲ್ಲಿ ಹಾಕಿ.

ಯಾಕೆ ಕೇಳುತ್ತಿದ್ದೇನೆ ಅಂದರೆ, ಉಲ್ರಿಚ್ ಅವರ ರೋಗಿಗಳಿಗೆ ಯಾರೂ ಕುಂಡ ಇಟ್ಟಿರಲಿಲ್ಲ. ಅಲ್ಲಿದ್ದದ್ದು ಕಿಟಕಿ, ಹೊರಗೆ ಮರ. ಡಿಸೈನರ್ ಕಿಟಕಿಯ ಅಧ್ಯಯನ ತೋರಿಸಿ ಪಾಚಿ ಮಾರುತ್ತಿದ್ದಾರೆ.

ನಮ್ಮೂರಿನ ಅಸರ್ ಮಹಲ್ ನೋಡಿದ್ದೀರಾ? 1646ರ ಸುಮಾರಿಗೆ ಮಹಮ್ಮದ್ ಆದಿಲ್‌ಶಾಹ ನ್ಯಾಯ ಕೊಡುವ ಜಾಗ ಅಂತ ಕಟ್ಟಿಸಿದ್ದು. ಒಂದು ಲೆಕ್ಕದಲ್ಲಿ ಅದೂ ಆಫೀಸೇ. ಪೂರ್ವಕ್ಕೆ ಪೂರ್ತಿ ತೆರೆದ ಪಡಸಾಲೆ, ಎತ್ತರದ ತೇಗದ ಕಂಬ, ಎದುರಿಗೆ ನೀರಿನ ಹೊಂಡ. ನಮ್ಮ ಬಿಸಿಲಿಗೆ ನೀರಿನ ಮೇಲಿಂದ ಬರುವ ಗಾಳಿಯೇ ಬೇಕು. ಇದೇ ಲೆಕ್ಕಕ್ಕೆ ಇಲ್ಲಿ ಲಾವಂಚದ ತಟ್ಟಿಗೆ ನೀರು ಚಿಮುಕಿಸಿದರೆ ಕೋಣೆ ತಣ್ಣಗಾಗುತ್ತದೆ. ನಿಮ್ಮೂರ ಮಳೆಗಾಲದಲ್ಲಿ ಅದೇ ತಟ್ಟಿ ಕಟ್ಟಿದರೆ ಬೂಷ್ಟು ಹಿಡಿಯುತ್ತದೆ. ಒಂದೂರಿನ ಉಪಾಯ ಇನ್ನೊಂದೂರಿಗೆ ಹೊತ್ತುಕೊಂಡು ಹೋಗಬಾರದು. ಪುಣೆಯದ್ದೂ ಅಷ್ಟೇ.

ಕಿಟಕಿಯ ಬೆಳಕು ಒಳಗೆ ಎಷ್ಟು ದೂರ ಬರುತ್ತದೆ ಅನ್ನುವುದಕ್ಕೆ ನಮ್ಮಲ್ಲಿ ಒಂದು ಅಂದಾಜು ಇದೆ. ಕಿಟಕಿಯ ಮೇಲಿನ ಅಂಚು ನೆಲದಿಂದ ಎಷ್ಟು ಎತ್ತರವೋ ಅದರ ಎರಡು ಪಟ್ಟು. 7 ಅಡಿ ಎತ್ತರ ಅಂದರೆ 14, 15 ಅಡಿ. ಅದರಾಚೆ ಕೂತವರಿಗೆ ಹಗಲಿಗೂ ಟ್ಯೂಬ್‌ಲೈಟೇ ಗತಿ. ಗಿಡವೂ ಅಲ್ಲಿ ಉಳಿಯುವುದು ಕಷ್ಟ.

ಇನ್ನು ಗಾಳಿ. ಗೋಡೆಗೆ ಹಾಕುವ ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ. ಹೊರಗಿನಿಂದ ಒಂದು ಹಿಡಿ ಗಾಳಿಯನ್ನೂ ತರುವುದಿಲ್ಲ. ಹೊರಗೆ ಕಾರ್ಬನ್ ಡೈಆಕ್ಸೈಡ್ ಈಗ 420 ಪಿಪಿಎಂ ಆಸುಪಾಸು, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 420 ಭಾಗ. ಬಾಗಿಲು ಹಾಕಿದ ಮೀಟಿಂಗ್ ಕೋಣೆಯಲ್ಲಿ ಅದು ಸಾವಿರ ದಾಟಲು ಹೆಚ್ಚು ಹೊತ್ತು ಬೇಡ. 2012ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕಲಿ ಪ್ರಯೋಗಾಲಯದವರು ಪರೀಕ್ಷೆ ಮಾಡಿದಾಗ 600 ಪಿಪಿಎಂನಲ್ಲಿ ಸರಿಯಾಗಿ ನಿರ್ಧಾರ ತೆಗೆದುಕೊಂಡವರೇ 1000ದಲ್ಲಿ ತುಸು ಎಡವಿದರು, 2500ರಲ್ಲಿ ಪೂರ್ತಿ ಮುಗ್ಗರಿಸಿದರು. ಮಧ್ಯಾಹ್ನ ಮೂರಕ್ಕೆ ಎಲ್ಲರೂ ಆಕಳಿಸುವುದಕ್ಕೆ ರೊಟ್ಟಿಯನ್ನು ಮಾತ್ರ ಬೈಯಬೇಡಿ. ಅಳೆಯುವ ಮೀಟರ್ ಎಲ್ಲಿಂದಾದರೂ ಎರಡು ದಿನಕ್ಕೆ ಕೇಳಿ ತನ್ನಿ. ಪಾಚಿಗೆ ಸಹಿ ಹಾಕುವ ಮೊದಲು.


ಹಾಜರಿ ಪುಸ್ತಕ, ಬೆಳಗಾವಿ:

ಎಲ್ಲರಿಗೂ ಧನ್ಯವಾದ. ಚೆಕ್ ಬರೆದಿಲ್ಲ. "ಜಿಎಸ್‌ಟಿ ಬಿಲ್ಲಿನಲ್ಲಿ ತಪ್ಪಿದೆ" ಅಂತ ಹೇಳಿ ಹತ್ತು ದಿನ ಮುಂದೂಡಿದ್ದೇನೆ. ತಪ್ಪು ನಿಜವಾಗಿಯೂ ಇತ್ತು.

ವಿಜಯಪುರದ ಸರ್ ಹೇಳಿದಂತೆ ಕಿಟಕಿ ಎಣಿಸಿದೆ. 22 ವರ್ಷದಲ್ಲಿ ಪರದೆ ಒಗೆಸಿದ್ದೇನೆ, ಗಾಜು ಒರೆಸಿಸಿದ್ದೇನೆ, ಎಣಿಸಿದ್ದು ಇದೇ ಮೊದಲು. ಒಟ್ಟು 9. ಸಾಹೇಬರ ಕ್ಯಾಬಿನ್‌ಗೆ 2. ಮೀಟಿಂಗ್ ಕೋಣೆಗೆ 2, ಪ್ರೊಜೆಕ್ಟರ್ ಹಾಕಿದಾಗಿನಿಂದ ಅವು ಮುಚ್ಚಿಯೇ ಇವೆ. ಹಳೇ ಫೈಲಿನ ಕೋಣೆಗೆ 1. ಚಹಾ ಮಾಡುವಲ್ಲಿ 1. ಯುಪಿಎಸ್ ಬ್ಯಾಟರಿ ಕೋಣೆಗೆ 1. ಜನ ಕೂರುವ ಹಾಲ್‌ಗೆ 2. ಆ ಎರಡಕ್ಕೂ 2014ರಲ್ಲಿ ಕಪ್ಪು ಫಿಲ್ಮ್ ಅಂಟಿಸಿದ್ದೇವೆ, ಸ್ಕ್ರೀನ್ ಮೇಲೆ ಬೆಳಕು ಬೀಳುತ್ತದೆ ಅಂತ. ಒಂದರ ಅರ್ಧಕ್ಕೆ ಗೋದ್ರೇಜ್ ಕಪಾಟು ಅಡ್ಡ ಇದೆ. ಅದನ್ನು ಅಲ್ಲಿ ಇಡಿಸಿದ್ದು ನಾನೇ, ಹೇಳಲು ನಾಚಿಕೆ.

ಕಟ್ಟಡದ ಹಿಂದೆ ಒಂದು ದೊಡ್ಡ ನೇರಳೆ ಮರ ಇದೆ. ನನಗೆ ಅದು ಗೊತ್ತಿದ್ದದ್ದು ಜೂನ್ ತಿಂಗಳ ಜಗಳದಿಂದ. ಬೈಕಿನ ಸೀಟಿನ ಮೇಲೆಲ್ಲ ಹಣ್ಣು ಬಿದ್ದು ಕಲೆ, ಆ ದೂರು ನನ್ನ ಹತ್ತಿರ. ಆ ಮರ ಒಳಗಿನಿಂದ ಕಾಣುವುದು ಮೂರು ಕಿಟಕಿಯಲ್ಲಿ. ಎರಡು ಸಾಹೇಬರವು. ಮೂರನೆಯದು ಬ್ಯಾಟರಿಗಳದ್ದು.

ತಮ್ಮನ ಮಗ ಎಂಜಿನಿಯರಿಂಗ್ ಓದುತ್ತಾನೆ. ಅವನ ಕಾಲೇಜಿನಿಂದ ಮೀಟರ್ ತರಿಸಿದೆ. ಮೀಟಿಂಗ್ ಕೋಣೆಯಲ್ಲಿ ಎಂಟು ಜನ ಒಂದು ತಾಸು ಕೂತರು, 1900 ತೋರಿಸಿತು. ಎರಡೂ ಕಿಟಕಿ ತೆರೆಸಿದೆ. ಕಾಲು ತಾಸಿನಲ್ಲಿ 700ಕ್ಕೆ ಇಳಿಯಿತು. ಒಂದು ಕಿಟಕಿಯ ಚಿಲಕ ತುಕ್ಕು ಹಿಡಿದು ಬರುತ್ತಲೇ ಇರಲಿಲ್ಲ, ಸುತ್ತಿಗೆ ತರಬೇಕಾಯಿತು.

ಆಮೇಲೆ ದಿನಾ ಬರುವ 14 ಜನರನ್ನೂ ಕೇಳಿದೆ, ಆಫೀಸಿನಲ್ಲಿ ಏನು ಬದಲಾಗಬೇಕು ಅಂತ. ನಿಸರ್ಗ ಅಂತ ಒಬ್ಬರೂ ಅನ್ನಲಿಲ್ಲ. ಕುರ್ಚಿಯ ಗಾಲಿ ಅಂದರು. ಹೆಂಗಸರ ಬಾತ್‌ರೂಮಿನ ಚಿಲಕ ಅಂದರು, ಅದನ್ನು ಅವತ್ತೇ ಹಾಕಿಸಿದೆ. ಟ್ರೇನಿ ಹುಡುಗಿಯೊಬ್ಬಳು ಹೇಳಿದ್ದು ಮಾತ್ರ ತಲೆಯಲ್ಲೇ ಉಳಿಯಿತು. "ಹೊರಗೆ ಮಳೆ ಬಂತಾ ಇಲ್ವಾ ಅಂತ ಒಳಗೆ ಕೂತವರಿಗೆ ಗೊತ್ತಾಗಬೇಕು ಮೇಡಂ. ನಾನು ಬಟ್ಟೆ ಒಣಗಲು ಹಾಕಿ ಬಂದಿರುತ್ತೇನೆ. ಸಂಜೆ ಕೆಳಗೆ ಇಳಿದು ನೋಡಿದರೆ ರಸ್ತೆ ಒದ್ದೆ."


ಗುಮ್ಮಟದ ನೆರಳು, ವಿಜಯಪುರ:

ಆ ಹುಡುಗಿಗೆ ಡಿಸೈನರ್ ಫೀಸು ಕೊಡಿ.

ಕಪ್ಪು ಫಿಲ್ಮ್ ಕೀಳಿಸಿ, ಕಪಾಟು ಸರಿಸಿ. ಸ್ಕ್ರೀನ್ ಮೇಲೆ ಬೆಳಕು ಬೀಳುವುದಕ್ಕೆ ಮೇಜು ತಿರುಗಿಸಿದರೆ ಸಾಕು. ಕಿಟಕಿ ಬೆನ್ನ ಹಿಂದೆಯೂ ಬೇಡ, ಮುಖದ ಎದುರಿಗೂ ಬೇಡ, ಪಕ್ಕಕ್ಕೆ ಬರಲಿ. ಬ್ಯಾಟರಿ ಕೋಣೆ ಖಾಲಿ ಮಾಡಿಸುವುದಾದರೆ ಹುಷಾರು, ಬ್ಯಾಟರಿಗೂ ಗಾಳಿ ಬೇಕು. ಕಿಟಕಿಯಿಲ್ಲದ ಮೂಲೆಗೆ ತುರುಕಬೇಡಿ. ಹಳೇ ಫೈಲಿನ ಕೋಣೆ ಸರಿಹೋಗುತ್ತದೆ, ಕಾಗದ ಎಲ್ಲ ಹೊರಗೆ ಹೋದರೆ. ಬ್ಯಾಟರಿಯ ಪಕ್ಕ ಕಾಗದ ಇಡುವಂತಿಲ್ಲ.


ಹಿತ್ತಲ ಬಾಗಿಲು, ಬೈಲಹೊಂಗಲ:

ಸಾಹೇಬರು ಪುಣೆಯಲ್ಲಿ, ಮರ ಅವರ ಕ್ಯಾಬಿನ್‌ನಲ್ಲಿ. ಮರವೂ ವರ್ಕ್ ಫ್ರಂ ಹೋಮ್ ಮಾಡುತ್ತಿದೆ ಅನ್ನಿ.


ಹಾಜರಿ ಪುಸ್ತಕ, ಬೆಳಗಾವಿ:

ಒಂದು ತಿಂಗಳ ಮೇಲೆ ಬರೆಯುತ್ತಿದ್ದೇನೆ, ಕೇಳಿದವರು ಇದ್ದರು.

ಸಾಹೇಬರು ಬಂದಾಗ ಕಿಟಕಿ ಪಟ್ಟಿ ಮುಂದೆ ಇಟ್ಟೆ. ಮಾತಾಡಲಿಲ್ಲ. ಎದ್ದು ಹೋಗಿ ಬ್ಯಾಟರಿ ಕೋಣೆಯ ಬಾಗಿಲು ತೆಗೆದು ನಿಂತರು. ನೇರಳೆ ಹಣ್ಣಾಗುತ್ತಿತ್ತು, ಗಿಳಿಗಳ ಗದ್ದಲ. "ಇದು ಯಾವಾಗಿನಿಂದ ಇದೆ?" ಅಂದರು. ಕಟ್ಟಡಕ್ಕಿಂತ ಮೊದಲಿನಿಂದ ಸರ್ ಅಂದೆ.

ಕ್ಯಾಬಿನ್ ಬಿಟ್ಟುಕೊಟ್ಟಿಲ್ಲ. ಆದರೆ ಅವರು ಪುಣೆಯಲ್ಲಿ ಇರುವಾಗ ಬಾಗಿಲು ತೆಗೆದಿಡಿ, ಯಾರಾದರೂ ಕೂತು ಕೆಲಸ ಮಾಡಲಿ ಅಂದಿದ್ದಾರೆ. ಫೈಲೆಲ್ಲ ಕೆಳಗಿನ ಗೋದಾಮಿಗೆ ಹೋಯಿತು, ಬ್ಯಾಟರಿಗಳು ಫೈಲಿನ ಕೋಣೆಗೆ ಬಂದವು. ಖಾಲಿಯಾದ ಕೋಣೆಯ ಅಡ್ಡಗೋಡೆ ತೆಗೆಸಿ ನಾಲ್ಕು ಮೇಜು ಹಾಕಿದ್ದೇವೆ. ಅಲ್ಲಿ ಕೂರಲು ಪೈಪೋಟಿ, ಚೀಟಿ ಎತ್ತಿಸುತ್ತೇನೆ. ಎಲ್ಲ ಸೇರಿ ಇಲ್ಲಿಯವರೆಗೆ 1 ಲಕ್ಷ 30 ಸಾವಿರ ಖರ್ಚಾಗಿದೆ. ಕಾರಂಜಿ, ಪ್ಲಾಸ್ಟಿಕ್ ಹುಲ್ಲು, ಹಕ್ಕಿ ಸ್ಪೀಕರ್ ಹೋದವು. ಪಾಚಿ ಪೂರ್ತಿ ಹೋಗಿಲ್ಲ. ಕಂಪನಿಯ ಹೆಸರಿನ ಸುತ್ತ ಸ್ವಲ್ಪ ಆದರೂ ಇರಲಿ ಅನ್ನುತ್ತಿದ್ದಾರೆ. ಆಗಸ್ಟ್ ಕಳೆಯಲಿ ಸರ್ ಅಂತ ತಡೆದಿದ್ದೇನೆ.

ಒಂದೊಂದು ಟೀಮಿಗೆ ಒಂದೊಂದು ದಿನ ಗೊತ್ತು ಮಾಡಿದೆವು, ಬೈಲಹೊಂಗಲದ ತಮ್ಮ ಹೇಳಿದಂತೆ. ರೊಟ್ಟಿ ಅಕ್ಕ ಈಗ ಸೋಮವಾರವೂ ಬರುತ್ತಾರೆ. ದಿನದ ಹಾಜರಿ 14ರಿಂದ 19ಕ್ಕೆ ಬಂದಿದೆ, ಬುಧವಾರ 31. ಇದು ಕಿಟಕಿಯಿಂದಾ, ರೊಟ್ಟಿಯಿಂದಾ, ಟೀಮಿನ ದಿನದಿಂದಾ ನನಗಂತೂ ಬಿಡಿಸಿ ಹೇಳಲು ಬರುವುದಿಲ್ಲ. ಸಾಹೇಬರು ಮರದಿಂದ ಅಂತಲೇ ಪುಣೆಯಲ್ಲಿ ಹೇಳಿಕೊಂಡು ಬಂದಿದ್ದಾರೆ. 33 ಜನ ಇನ್ನೂ ಮನೆಯಲ್ಲೇ ಇದ್ದಾರೆ. ಅವರಲ್ಲಿ ಕೆಲವರು ಬರುವುದೇ ಇಲ್ಲ, ಅದು ನನಗೆ ಗೊತ್ತು.

ಒಂದು ಸಹಾಯ ಬೇಕು. ಹಾಲ್‌ನ ಗಾಜಿನ ಫಿಲ್ಮ್ ಕಿತ್ತೆವು, ಹತ್ತು ವರ್ಷದ ಮೇಲಿನ ಅಂಟು ಹಾಗೇ ಉಳಿದಿದೆ. ಮಳೆ ಕಾಣುತ್ತದೆ, ಆದರೆ ಮಬ್ಬು ಮಬ್ಬು. ಸೀಮೆಎಣ್ಣೆ ಹಚ್ಚಿ ಉಜ್ಜಿದರೆ ಹೋಗುತ್ತದಾ?


ಗುಮ್ಮಟದ ನೆರಳು, ವಿಜಯಪುರ:

ಸೀಮೆಎಣ್ಣೆ ಬೇಡ, ಎರಡು ದಿನ ಹಾಲ್ ತುಂಬ ವಾಸನೆ. ಸೋಪಿನ ಬಿಸಿನೀರು ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಅರ್ಧ ತಾಸು ಬಿಡಿ. ಆಮೇಲೆ ಹೊಸ ಬ್ಲೇಡಿನಿಂದ ಒಂದೇ ದಿಕ್ಕಿಗೆ ಕೆರೆಯಿರಿ. ಗಾಜು ಒಣಗಿರುವಾಗ ಬ್ಲೇಡ್ ಹಚ್ಚಿದರೆ ಗೀರು ಬೀಳುತ್ತದೆ.